ಬಾಯಿ ಕಟ್ಟಿದ ಗಂಟೆ

೩ ಆಗಸ್ಟ್ ೧೯೯೩, ಮಂಗಳವಾರ

ಸೆರ್ರಾಲೂಪಾ ಗ್ರಾಮದ ನಿವೃತ್ತ ಶಾಲಾ ಮೇಷ್ಟರು, ವಯಸ್ಸು ಅರವತ್ತೆಂಟು, ಉಳಿದ ಹಲ್ಲು ಹನ್ನೊಂದು, ಪಾಂಫಿಲೊ ಎಂಬ ನಾನು, ಸ್ವಸ್ಥಚಿತ್ತನಾಗಿ, ಯಾರ ಒತ್ತಾಯವೂ ಇಲ್ಲದೆ ಈ ಕೆಳಕಂಡ ಅಪರಾಧವನ್ನು ಒಪ್ಪಿಕೊಳ್ಳುತ್ತೇನೆ. ಇಂದು ಬೆಳಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ, ನನ್ನ ಹೆಂಡತಿ ಎರ್ಸೀಲಿಯಾಳ ಹೆಸರಿಗೆ ಬಂದ ಕಾಗದವನ್ನು ಅಂಚೆಯ ಗಯೆತಾನೊ ಕೈಯಿಂದ ಇಸಿದುಕೊಂಡು, ಅವಳಿಗೆ ಕೊಡದೆ, ಒಡೆದು, ಓದಿ, ಅಟ್ಟದಲ್ಲಿ ತೂಗುಹಾಕಿರುವ ಬೆಳ್ಳುಳ್ಳಿ ಜಡೆಯೊಳಗೆ ಬಚ್ಚಿಟ್ಟಿದ್ದೇನೆ. ನಲವತ್ತೇಳು ವರ್ಷದ ಸಂಸಾರದಲ್ಲಿ ಹೆಂಡತಿಯ ಜಡೆಗೆ ಒಂದು ಹೂವು ಮುಡಿಸದವನು ಬೆಳ್ಳುಳ್ಳಿಯ ಜಡೆಗೆ ಕಾಗದ ಮುಡಿಸಿದೆ.

ಕಾಗದ ನ್ಯೂಜಿಲೆಂಡಿನದು. ಬರೆದವನು ಮೆರ್ವಿನ್. ನಮ್ಮ ಭಾಷೆಯಲ್ಲೇ ಬರೆದಿದ್ದಾನೆ, ಕಾಲು ಮುರಿದ ಕುರಿಯಂತೆ ಕುಂಟುವ ಭಾಷೆಯಲ್ಲಿ. “ಎರ್ಸೀಲಿಯಾ, ಸೆಪ್ಟೆಂಬರಿನಲ್ಲಿ ಬರುತ್ತೇನೆ. ನಿನ್ನದೊಂದು ವಸ್ತು ಐವತ್ತು ವರ್ಷದಿಂದ ನನ್ನ ಹತ್ತಿರ ಇದೆ. ಕೈಯಾರೆ ಕೊಡಬೇಕು. ಪಾಂಫಿಲೊ ಬದುಕಿದ್ದಾನೆಯೆ?”

ಬದುಕಿದ್ದಾನೆಯೆ, ಅಂತೆ! ನಲವತ್ತು ವರ್ಷ ಮಕ್ಕಳ ಪ್ರಬಂಧ ತಿದ್ದಿದವನು ನಾನು. ಪ್ರಶ್ನಾರ್ಥಕ ಚಿಹ್ನೆಯ ಹಿಂದೆ ಆಸೆ ಅಡಗಿ ಕೂತಿದ್ದರೆ ನನಗೆ ಗೊತ್ತಾಗುತ್ತದೆ.

ನಿನ್ನದೊಂದು ವಸ್ತು. ಯಾವ ವಸ್ತು?

೫ ಆಗಸ್ಟ್, ಗುರುವಾರ

ಹೊಟ್ಟೆಯಲ್ಲಿ ಉರಿ. ಡಾಕ್ಟರು ಮಾತ್ರೆ ಕೊಟ್ಟು “ಖಾರ ಬಿಡಿ ಮೇಷ್ಟ್ರೇ” ಎಂದರು. ಖಾರ ಬಿಡಬಹುದು, ಕಿಚ್ಚು ಬಿಡುವುದು ಹೇಗೆ? ‘ಹೊಟ್ಟೆಕಿಚ್ಚು’ ಎಂಬ ಮಾತನ್ನು ಮೊದಲು ಕಟ್ಟಿದವನು ಕವಿಯಲ್ಲ, ವೈದ್ಯನೇ ಇರಬೇಕು.

ಗೊತ್ತಿದ್ದನ್ನೇ ಗೊತ್ತಿದ್ದವರಿಗೆ ಹೇಳುವುದು ಮೇಷ್ಟರ ಚಾಳಿ. ಹಾಗಾಗಿ ನನಗೆ ನಾನೇ ಹೇಳಿಕೊಳ್ಳುತ್ತೇನೆ. ನಲವತ್ತಮೂರರ ಸೆಪ್ಟೆಂಬರಿನಲ್ಲಿ ನಮ್ಮ ಸರ್ಕಾರ ಯುದ್ಧಕ್ಕೆ ಕೈಮುಗಿಯಿತು. ಕಣಿವೆಯ ಯುದ್ಧಕೈದಿ ಶಿಬಿರದ ಕಾವಲುಗಾರರು ಬಾಗಿಲು ತೆರೆದಿಟ್ಟು ಮನೆಗೆ ಓಡಿದರು. ಕೈದಿಗಳು ಬೆಟ್ಟಕ್ಕೆ ಓಡಿದರು. ಹಿಂದೆಯೇ ಜರ್ಮನರು ಬಂದು ಗೋಡೆಗೋಡೆಗೂ ಕಾಗದ ಅಂಟಿಸಿದರು: ಕೈದಿಗೆ ಆಸರೆ ಕೊಟ್ಟವನಿಗೆ ಗುಂಡು, ಅವನ ಮನೆಗೆ ಬೆಂಕಿ. ಕಾಗದ ಅಂಟಿಸಿದ ಸಂಜೆಯೇ ಎರ್ಸೀಲಿಯಾಳ ಅಪ್ಪ ಲೊರೆತೊ, ಓದು ಬಾರದ ಕುರುಬ, ಓಡಿಬಂದ ಕೈದಿ ಮೆರ್ವಿನ್‌ನನ್ನು ಕುರಿದೊಡ್ಡಿಯ ಹಿಂದಿನ ಗುಹೆಗೆ ಕರೆತಂದ. “ಓದಕ್ಕೆ ಬರಲ್ಲ ಅಂತ ಹೇಳಿದರಾಯ್ತು” ಎಂದನಂತೆ. ಹತ್ತು ವಾರ ಇಟ್ಟುಕೊಂಡ.

ಅವನು ತನ್ನ ದೇಶದಲ್ಲಿ ಕುರಿಯ ಉಣ್ಣೆ ಕತ್ತರಿಸುವವನು. ಇಲ್ಲಿಂದ ನನ್ನ ಕಷ್ಟ ಶುರು. ಕಜ್ಜಿ ಹತ್ತಿದ ಕುರಿಯೊಂದರ ಉಣ್ಣೆ ತೆಗೆಯಬೇಕಿತ್ತು. ನಾವಾದರೆ ನಾಲ್ಕೂ ಕಾಲು ಕಟ್ಟಿ ನೆಲಕ್ಕೆ ಕೆಡವುತ್ತೇವೆ. ಅವನು ಅದನ್ನು ಕುಂಡೆಯ ಮೇಲೆ ಕೂರಿಸಿ, ಬೆನ್ನನ್ನು ತನ್ನ ಮೊಣಕಾಲಿಗೆ ಒರಗಿಸಿಕೊಂಡು, ಹಗ್ಗವಿಲ್ಲದೆ, ಗಾಯವಿಲ್ಲದೆ, ಕೋಟು ಬಿಚ್ಚಿಸಿದ ಹಾಗೆ ಬಿಚ್ಚಿಬಿಟ್ಟ. ಹದಿನೇಳರ ಎರ್ಸೀಲಿಯಾ ನನ್ನ ಪಕ್ಕದಲ್ಲೇ ನಿಂತಿದ್ದಳು.

“ನೋಡೋ ಪಾಂಫಿಲೊ, ಮದುವೆ ಹೆಣ್ಣನ್ನ ಕುರ್ಚಿ ಮೇಲೆ ಕೂರಿಸಿದ ಹಾಗೆ ಕೂರಿಸಿದಾನೆ!”

ಆ ಕುರಿ ಸತ್ತಿತು. ಅದರ ಮರಿಮಕ್ಕಳೂ ಸತ್ತವು. ಆ ಮಾತೊಂದು ಮಾತ್ರ ಐವತ್ತು ವರ್ಷದಿಂದ ನನ್ನ ಎದೆಯಲ್ಲಿ ಮೇಯುತ್ತಲೇ ಇದೆ.

೯ ಆಗಸ್ಟ್, ಸೋಮವಾರ

ಕದ್ದ ಮಾಲು ದಂಡವಾಯಿತು. ಇಂದು ಮೇಯರ್ ಮನೆಗೆ ಬಂದರು. ಮೆರ್ವಿನ್ ಪುರಸಭೆಗೂ ಬರೆದಿದ್ದಾನೆ. ಸೆಪ್ಟೆಂಬರ್ ಏಳಕ್ಕೆ ಬರುತ್ತಾನೆ. ಎಂಟಕ್ಕೆ ಗುಹೆಯ ಬಾಯಲ್ಲಿ ಕಲ್ಲಿನ ಫಲಕ.

“ನನಗೆ ಒಂದು ಸಾಲು ಬರೀಬಾರದಿತ್ತಾ ಅವನು?” ಎಂದಳು ಎರ್ಸೀಲಿಯಾ. ಟೊಮೇಟೊ ಹೆಚ್ಚುತ್ತಿದ್ದ ಚಾಕು ನಿಂತಿತ್ತು. “ಹತ್ತು ವಾರ ಅನ್ನ ಹಾಕಿದ್ದು ಪುರಸಭೆನಾ?”

ನಾನು ಎದ್ದು ಅಟ್ಟದ ಬಾಗಿಲು ಹಾಕಿ ಬಂದೆ. ಇಲಿಗಳ ಕಾಟ.

ಮೇಯರ್ ಫಲಕದ ಬರಹ ಓದಿದರು. ಲೊರೆತೊ, ಅವನ ಹೆಂಡತಿ, ಮಗಳು ಎರ್ಸೀಲಿಯಾ. ಕೊನೆಯಲ್ಲಿ: “ಮೆರ್ವಿನ್‌ನ ಮುಂದೆ ನಡೆದು, ಹಿಮದಲ್ಲಿ ಮಾಯೆಲ್ಲಾ ಬೆಟ್ಟ ದಾಟಿಸಿದ ಹದಿನೆಂಟರ ತರುಣ ಪಾಂಫಿಲೊ.” ಚೆನ್ನಾಗಿದೆ. ‘ಧೀರ’ ಎಂಬ ಪದಕ್ಕೂ ಜಾಗವಿದೆ ಎಂದು ಸೂಚಿಸಿದೆ.

ಈ ಕಥೆಯನ್ನು ನಲವತ್ತು ವರ್ಷ ಪ್ರತಿ ತರಗತಿಗೂ ಹೇಳಿದ್ದೇನೆ. ಡಿಸೆಂಬರ್ ತಿಂಗಳು. ಊರಲ್ಲಿ ಶೋಧ ಹೆಚ್ಚಿತ್ತು. ಮೆರ್ವಿನ್‌ನನ್ನು ಬೆಟ್ಟದಾಚೆ, ಸಾಂಗ್ರೋ ನದಿಯ ದಡದಲ್ಲಿದ್ದ ಅವನ ಕಡೆಯವರಿಗೆ ತಲುಪಿಸಬೇಕಿತ್ತು. ನಾನು ಮುಂದೆ, ಅವನು ಹಿಂದೆ. ಸಿಕ್ಕಿಬಿದ್ದರೆ ಕುರುಬರೆನ್ನಿಸಿಕೊಳ್ಳಲು ಜೊತೆಗೊಂದು ಟಗರು. ಅದರ ಹೆಸರು ಬರೋನೆ. ನದಿಯ ಹತ್ತಿರ ಫಿರಂಗಿ ಶೆಲ್ ಬಿದ್ದು ಬರೋನೆ ಹುತಾತ್ಮನಾದ. ನಾನು ಅವನ ಕಣ್ಣು ಮುಚ್ಚಿ, ಮೇಲೆ ಕಲ್ಲು ಪೇರಿಸಿ, ಟೋಪಿ ತೆಗೆದು ನಿಂತೆ. ಈ ಜಾಗ ಬಂದಾಗ ಮಕ್ಕಳೆಲ್ಲ ಮೂಗು ಒರೆಸಿಕೊಳ್ಳುತ್ತಿದ್ದವು. ಇನ್‌ಸ್ಪೆಕ್ಟರ್ ಒಬ್ಬರು ಕೂಡ ಒಮ್ಮೆ ಒರೆಸಿಕೊಂಡರು.

“ಬರೋನೆ ಹೆಸರೂ ಹಾಕಪ್ಪಾ ಕಲ್ಲಿನ ಮೇಲೆ” ಎಂದಳು ಎರ್ಸೀಲಿಯಾ.

ಮೇಯರ್ ನಕ್ಕರು. “ಟಗರಿನ ಹೆಸರಾ, ಅಮ್ಮ?”

“ಸತ್ತಿದ್ದು ಅವನೊಬ್ಬನೇ ಅಲ್ವಾ?”

ನಾನು ಕೆಮ್ಮಿದೆ. ಬೇಸಿಗೆಯಲ್ಲೂ ಕೆಮ್ಮು ಬರುತ್ತದೆ.

ತಾಯಿ ಸತ್ತ ಮರಿಯನ್ನು ಅವಳು ಬಾಟಲಿ ಹಾಲು ಕುಡಿಸಿ ಸಾಕಿದ್ದಳು. ಬೀಜ ಒಡೆಸಿ, ಕೊರಳಿಗೆ ಗಂಟೆ ಕಟ್ಟಿ, ಮಂದೆಯ ಮುಂದಾಳು ಮಾಡಿದ್ದಳು. ಆರು ಶರತ್ಕಾಲ ಅವನು ಮಂದೆಯನ್ನು ಬೆಟ್ಟ ಇಳಿಸಿ ದಕ್ಷಿಣದ ಬಯಲಿಗೆ ನಡೆಸಿದ್ದ. ಆ ವರ್ಷ ಯುದ್ಧದಿಂದಾಗಿ ಮಂದೆ ಹೊರಡಲಿಲ್ಲ. ಅಕ್ಟೋಬರಿನಿಂದ ಅವನು ದೊಡ್ಡಿಯ ದಕ್ಷಿಣದ ಗೋಡೆಗೆ ಕೊಂಬು ಗುದ್ದುತ್ತ ನಿಂತಿದ್ದ. ನೆನಪಿದೆ. ಇರಲಿ.

೧೮ ಆಗಸ್ಟ್, ಬುಧವಾರ

ಮನೆಯಲ್ಲಿ ಹಬ್ಬ. ಯಜಮಾನನಿಗೆ ಮಾತ್ರ ಉಪವಾಸ.

ಎರ್ಸೀಲಿಯಾ ಕೂದಲು ಸುರುಳಿ ಮಾಡಿಸಿಕೊಂಡು ಬಂದಳು. ನಮ್ಮ ಮಗಳ ಮದುವೆಗೂ ಮಾಡಿಸಿಕೊಂಡಿರಲಿಲ್ಲ. ಗುಹೆಯನ್ನು ಗುಡಿಸಿದಳು. ಗುಹೆಯನ್ನು! ಐವತ್ತು ವರ್ಷದ ಆಡಿನ ಹಿಕ್ಕೆಯನ್ನು! ನನ್ನ ಪುಸ್ತಕದ ಕಪಾಟಿಗೆ ಪೊರಕೆ ತಾಗಿ ಎಷ್ಟು ದಿನವಾಯಿತೆಂದು ಕೇಳಿದೆ.

“ನಿನ್ನ ಕಪಾಟಲ್ಲಿ ಯಾರೂ ಬಚ್ಚಿಟ್ಕೊಂಡಿರಲಿಲ್ಲ” ಎಂದಳು.

ಹುಡುಗಿ ಹಾಡುವಂತೆ ಹಳೆಯದನ್ನೆಲ್ಲ ಹೇಳುತ್ತಿದ್ದಾಳೆ. ಪೊಲೆಂತಾ ಗಂಜಿಯನ್ನು ಮರದ ಹಲಗೆಯ ಮೇಲೆ ಸುರಿದು ಎಲ್ಲರೂ ಸುತ್ತ ಕೂತು ತಿನ್ನುವುದು ನಮ್ಮ ಕಡೆಯ ರೂಢಿ. ತಟ್ಟೆ ಬೇಡ, ಚಮಚ ಸಾಕು. ಶೋಧಕ್ಕೆ ಬಂದ ಜರ್ಮನ್ ಸಿಪಾಯಿ ಚಮಚ ಎಣಿಸುತ್ತಿದ್ದನಂತೆ. ಮನೆಯಲ್ಲಿ ಮೂರು ಜನ, ಮೂರು ಚಮಚ. ನಾಲ್ಕನೆಯದು ಸಿಕ್ಕಿದ್ದರೆ ಗೋಡೆಗೆ ನಿಲ್ಲಿಸುತ್ತಿದ್ದರು. ಹಾಗಾಗಿ ಮೆರ್ವಿನ್ ತಿಂದದ್ದು ಎರ್ಸೀಲಿಯಾಳ ಚಮಚದಲ್ಲಿ. ಅವಳು ತಿಂದು ಮುಗಿಸಿದ ಮೇಲೆ, ಅದೇ ಚಮಚದಲ್ಲಿ.

“ಅಮ್ಮನ ಚಮಚ ಇರಲಿಲ್ಲವೇ? ಅಪ್ಪನದು?” ಎಂದೆ.

“ಅಪ್ಪನ ಮೀಸೆ ನೋಡಿದ್ದೀಯಲ್ಲ. ಆ ಚಮಚ ನೀನು ಮುಟ್ತಿದ್ದೆಯಾ?”

ತರ್ಕ ಸರಿಯಿದೆ. ಸರಿಯಿರುವ ತರ್ಕದಷ್ಟು ಉರಿಸುವುದು ಬೇರೊಂದಿಲ್ಲ.

ಮಧ್ಯಾಹ್ನ ಎದುರುಮನೆಯ ಕುರಿಯೊಂದನ್ನು ಕುಂಡೆಯ ಮೇಲೆ ಕೂರಿಸಲು ಹೋದೆ. ಬರೀ ಕುತೂಹಲಕ್ಕೆ. ಕುರಿ ಕೂರಲಿಲ್ಲ, ನಾನು ಕೂತೆ. ಮುಳ್ಳಿನ ಮೇಲೆ. ಎರ್ಸೀಲಿಯಾ ಕಿಟಕಿಯಲ್ಲಿದ್ದಳು.

“ಮದುವೆ ಹೆಣ್ಣು ಒಪ್ಪಲಿಲ್ಲವಾ?” ಎಂದು ಕೂಗಿದಳು.

ಅಂದರೆ ಅವಳಿಗೂ ಆ ಮಾತು ನೆನಪಿದೆ!

೨೭ ಆಗಸ್ಟ್, ಶುಕ್ರವಾರ

ಮೂರು ವಾರದಿಂದ ದಿನವೂ ಅಂಚೆಯ ಹೊತ್ತಿಗೆ ಅವಳು ಬಾಗಿಲಲ್ಲಿ ನಿಲ್ಲುತ್ತಾಳೆ. ನೋಡಲಾಗಲಿಲ್ಲ. ಕರುಣೆಯಿಂದಲ್ಲ, ನಿಂತು ನಿಂತು ಅವಳ ಕಾಲು ಊದಿಕೊಂಡರೆ ಉಜ್ಜಬೇಕಾದವನು ನಾನು. ಕಾಗದವನ್ನು ಬೆಳ್ಳುಳ್ಳಿಯಿಂದ ತೆಗೆದು, ಅಂಟಿಸಿ, ಗಯೆತಾನೊ ಚೀಲಕ್ಕೆ ಮೆಲ್ಲಗೆ ಸೇರಿಸಿದೆ. ಅವನು ಬಾಗಿಲಲ್ಲಿ ನಿಂತು ಕನ್ನಡಕ ಏರಿಸಿದ.

“ಮೇಷ್ಟ್ರೇ, ಇದನ್ನ ನಾನು ತಿಂಗಳ ಮೊದಲಲ್ಲೇ ನಿಮ್ಮ ಕೈಗೆ ಕೊಟ್ಟಿದ್ದೆನಲ್ಲ?”

“ಅದು ಬೇರೆ.”

“ನ್ಯೂಜಿಲೆಂಡಿಂದ ಈ ಊರಿಗೆ ಬಂದಿದ್ದು ಒಂದೇ ಕಾಗದ. ನಾನು ಅಂಚೆಗೆ ಸೇರಿದ ಮೇಲೆ.”

ಎರ್ಸೀಲಿಯಾ ಕಾಗದ ತೆಗೆದುಕೊಂಡಳು. ಮೂಗಿನ ಹತ್ತಿರ ಹಿಡಿದಳು.

“ಅಲ್ಲೂ ನಮ್ಮ ಕೆಂಪು ಬೆಳ್ಳುಳ್ಳಿನೇ ಬೆಳೀತಾರೆ ಅಂತ ಕಾಣತ್ತೆ” ಎಂದಳು. ಅಷ್ಟೇ. ಒಳಗೆ ಹೋದಳು. ಬೈದಿದ್ದರೆ ಊಟ ಸೇರುತ್ತಿತ್ತು.

೩೦ ಆಗಸ್ಟ್

ಮೊಮ್ಮಗಳು ಇಲಾರಿಯಾ ಬಂದಿದ್ದಾಳೆ, ಇಂಗ್ಲಿಷ್ ಓದುವವಳು. ಮೆರ್ವಿನ್‌ಗೆ ದುಭಾಷಿ ಅವಳೇ. ಎಪ್ಪತ್ತನಾಲ್ಕು ವರ್ಷದವರ ಜ್ಞಾಪಕಶಕ್ತಿ ಸಾಮಾನ್ಯವಾಗಿ ಹೇಗಿರುತ್ತದೆ ಎಂದು ವಿಚಾರಿಸಿದೆ.

“ಹಳೇದೆಲ್ಲ ಚೆನ್ನಾಗಿ ನೆನಪಿರತ್ತಂತೆ ಅಜ್ಜ. ಹೊಸದು ಮರೆಯತ್ತಂತೆ. ಯಾಕೆ?”

ಯಾಕೂ ಇಲ್ಲ. ವೈಜ್ಞಾನಿಕ ಆಸಕ್ತಿ. ಎರಡು ಮಾತ್ರೆ ನುಂಗಿದೆ.

೭ ಸೆಪ್ಟೆಂಬರ್, ಮಂಗಳವಾರ

ಬಂದ.

ಐವತ್ತು ವರ್ಷ ನನ್ನ ತಲೆಯಲ್ಲಿ ಅವನು ಎತ್ತರವಾಗುತ್ತಲೇ ಹೋಗಿದ್ದ. ಕಾರಿನಿಂದ ಇಳಿದದ್ದು ಕುಗ್ಗಿದ ಮುದುಕ, ಕಿವಿಯಲ್ಲಿ ಯಂತ್ರ, ಕೈಯಲ್ಲಿ ಕೋಲು. ಕ್ಷಣಕಾಲ ಸಂತೋಷವಾಯಿತು. ಆಮೇಲೆ ಅವನು ಎರ್ಸೀಲಿಯಾಳ ಎರಡೂ ಕೈ ಹಿಡಿದು ಅತ್ತ. ಸಂತೋಷ ಹೋಯಿತು. ನನ್ನ ಕಡೆ ತಿರುಗಿ “ಪಾಂಫಿಲೊ! ಬದುಕಿದ್ದೀಯಾ!” ಎಂದು ಅಪ್ಪಿದ. ನಿಜವಾದ ಹಿಗ್ಗೇ ಇತ್ತು ದನಿಯಲ್ಲಿ. ಆ ಪ್ರಶ್ನಾರ್ಥಕ ಚಿಹ್ನೆಯನ್ನು ನಾನು ತಪ್ಪಾಗಿ ತಿದ್ದಿದ್ದೆನೋ ಏನೋ.

ಹಲಗೆಯ ಪೊಲೆಂತಾ ಬೇಕೆಂದ. ಈ ಬಿಸಿಲಿನಲ್ಲಿ! ಮಾಡಿದಳು. ನಾಲ್ವರೂ ಸುತ್ತ ಕೂತೆವು. ಅವನ ಮುಂದೆಯೂ ಚಮಚ ಇಟ್ಟಿದ್ದಳು, ಆದರೆ ಅವನು ಮುಟ್ಟಲಿಲ್ಲ. ಕೈಕಟ್ಟಿ ಕಾಯುತ್ತ ಕೂತ. ಅವಳು ತಿಂದು ಮುಗಿಸಿದೊಡನೆ, ಯೋಚಿಸದೆಯೇ, ಕೈ ಚಾಚಿದ. ಹಳೆಯ ಅಭ್ಯಾಸ. ನಾನು ನನ್ನ ಚಮಚವನ್ನು ಒರೆಸಿ ಅವನ ಕೈಗಿಟ್ಟೆ. ಅವಳದನ್ನು ಕೊಡಬಾರದೆಂಬ ಒಂದೇ ಕಾರಣಕ್ಕೆ. ಅವನು ಅದರಲ್ಲೇ ತಿಂದ. ನಾನು ಅವನಿಗಿಟ್ಟ ಚಮಚದಲ್ಲಿ ತಿಂದೆ.

ಊಟವಾದ ಮೇಲೆ ಚೀಲದಿಂದ ‘ನಿನ್ನದೊಂದು ವಸ್ತು’ ತೆಗೆದ. ಬರೋನೆಯ ಗಂಟೆ. ಅಲ್ಲಾಡಿಸಿದ. ಸದ್ದಿಲ್ಲ. ಒಳಗೆ ಬೆರಳು ಹಾಕಿ ಎಳೆದ: ಬಿಳಿ ಚುಕ್ಕೆಯ ನೀಲಿ ವಸ್ತ್ರ. ಎರ್ಸೀಲಿಯಾಳ ತಲೆವಸ್ತ್ರ. ಹದಿನೇಳರಲ್ಲಿ ಅವಳಿಗಿದ್ದ ಒಂದೇ ಒಂದು.

“ಐವತ್ತು ವರ್ಷ!” ಎಂದೆ. ನನ್ನ ದನಿ ಏರಿತು. “ಕಂಡವರ ಹೆಂಡತಿ ತಲೆವಸ್ತ್ರನ ಐವತ್ತು ವರ್ಷ ಇಟ್ಕೊಂಡಿದ್ದಾನೆ, ನಾನು ಅವನಿಗೆ ನನ್ನ ಚಮಚ ಕೊಟ್ಟೆ!”

“ಇದನ್ನೂ ಹೇಳಬೇಕಾ ಅಜ್ಜ?” ಎಂದಳು ಇಲಾರಿಯಾ.

“ಬೇಡ ಮಗಳೇ, ಇದಕ್ಕೆ ಉತ್ತರ ನಾನು ಹೇಳ್ತೀನಿ” ಎಂದಳು ಎರ್ಸೀಲಿಯಾ. “ಗಂಟೆ ಬಿಚ್ಚಿದರೆ ಬರೋನೆ ಹೆಜ್ಜೆ ಎತ್ತುತ್ತಿರಲಿಲ್ಲ, ಕಟ್ಟಿದರೆ ಜರ್ಮನರಿಗೆ ಕೇಳಿಸ್ತಿತ್ತು. ಅದಕ್ಕೇ ಬಾಯಿಗೆ ಬಟ್ಟೆ ತುರುಕಿದೆ. ಯಾರಿಗೋಸ್ಕರ ಅಂದ್ಕೊಂಡೆ, ಕತ್ತೆ? ಮೆರ್ವಿನ್ ಸಿಪಾಯಿ, ಹೇಗೋ ಬದುಕ್ತಿದ್ದ. ನೀನು ಊರ ಸಂತೆಗೆ ಹೋದರೆ ದಾರಿ ತಪ್ಪೋನು. ನೀನು ಸಿಗಬಾರದು ಅಂತ ತುರುಕಿದ್ದು.”

ನಿವೃತ್ತ ಮೇಷ್ಟರನ್ನು ಕತ್ತೆ ಎಂದಳು. ದಿನಾಂಕ ಸಮೇತ ದಾಖಲಿಸುತ್ತಿದ್ದೇನೆ.

ಆಗ ಅವಳು ಮೆರ್ವಿನ್ ಕಡೆ ತಿರುಗಿದಳು. “ಬರೋನೆ ಹೇಗೆ ಸತ್ತ? ನೀನು ಹೇಳು.”

ಇಲಾರಿಯಾ ಅನುವಾದಿಸಿದಳು. ಮೆರ್ವಿನ್ ನನ್ನನ್ನು ನೋಡಿದ. ನಾನು ಹಲಗೆಯನ್ನು ನೋಡಿದೆ. ಅವನು ಕಿವಿಯ ಯಂತ್ರಕ್ಕೆ ಕೈ ಹಾಕಿ, ತಿರುಗಿಸಿ, ತಟ್ಟಿ, ಬ್ಯಾಟರಿ ಮುಗಿಯಿತೆಂದು ಸನ್ನೆ ಮಾಡಿದ.

೮ ಸೆಪ್ಟೆಂಬರ್, ಬುಧವಾರ

ಫಲಕ ಅನಾವರಣವಾಯಿತು. ಬ್ಯಾಂಡು, ಪಾದ್ರಿ, ಶಾಲೆಯ ಮಕ್ಕಳು. ಗುಹೆಯಲ್ಲಿ ಆಡಿನ ವಾಸನೆ ಇನ್ನೂ ಇತ್ತು. ಚರಿತ್ರೆಯ ವಾಸನೆ ಎಂದರು ಮೇಯರ್.

ಮೆರ್ವಿನ್ ಮಾತಾಡಿದ. ಇಲಾರಿಯಾ ಹೇಳುತ್ತ ಹೋದಳು: “ನನಗೆ ಅನ್ನ ಹಾಕಿದ್ದಕ್ಕೆ ಲೊರೆತೊನ ಮನೆ ಸುಟ್ಟುಹೋಗಬಹುದಿತ್ತು. ಅದು ಅವನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಆದರೂ ನಾನು ಉಂಡೆ. ಹಸಿವು ಎಂದರೆ ಅದೇ. ಅದಕ್ಕೆ ಐವತ್ತು ವರ್ಷ ಇಲ್ಲಿಗೆ ಬರಲು ನಾಚಿಕೆಯಾಯಿತು.” ಕೊನೆಗೆ ಟೋಪಿ ತೆಗೆದ. “ಬೆಟ್ಟದ ಮೇಲೆ ನನ್ನ ಮುಂದೆ ನಡೆದ ಆ ಮಹನೀಯನಿಗೆ.”

ಎಲ್ಲರೂ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ನಾನು ತಲೆ ಬಾಗಿಸಿದೆ. ಅವನು ಮಾತ್ರ ಎರ್ಸೀಲಿಯಾಳ ಮಡಿಲಲ್ಲಿದ್ದ ಗಂಟೆಯನ್ನು ನೋಡುತ್ತಿದ್ದ. ಸುಳ್ಳು ಹೇಳಲಿಲ್ಲ, ನನ್ನನ್ನು ಬಿಟ್ಟುಕೊಡಲೂ ಇಲ್ಲ. ಈ ಔದಾರ್ಯವೂ ಅವನದೇ ಆಗಬೇಕೆ? ಒಂದಾದರೂ ನನಗೆ ಬಿಡಬಾರದಿತ್ತೆ?

೯ ಸೆಪ್ಟೆಂಬರ್

ಹೊರಟ. ಕಾರಿನ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ. ಚಳಿಯಾದೀತೆಂದು ನನ್ನ ಉಣ್ಣೆಯ ಅಂಗಿ ಕೊಟ್ಟೆ. ಹಳೆಯದು, ಬಿಗಿಯಾಗಿತ್ತು.

ಮಾತ್ರೆ ತೆಗೆದುಕೊಳ್ಳಲು ಮರೆತಿದ್ದೇನೆ.

೧೨ ಸೆಪ್ಟೆಂಬರ್, ಭಾನುವಾರ

ಬೆಳಗ್ಗೆ ಎರ್ಸೀಲಿಯಾ ಗಂಟೆಗೆ ಎಣ್ಣೆ ಹಚ್ಚಿ ಒಲೆಯ ಮೇಲಿನ ಮೊಳೆಗೆ ತೂಗುಹಾಕಿದಳು. ಬಟ್ಟೆ ತೆಗೆದಿದ್ದಾಳೆ. ಯಾರಾದರೂ ಬಾಗಿಲು ತೆರೆದರೆ ಗಾಳಿಗೆ ಅದು ಟಣ್ಣೆನ್ನುತ್ತದೆ. ನಾನು ಬೆಚ್ಚುತ್ತೇನೆ.

“ಪಾಂಫಿಲೊ.”

“ಹ್ಞೂಂ.”

“ಅವನು ನರಳಿದನಾ?”

“ಇಲ್ಲ ಇಲ್ಲ. ಶೆಲ್ ಬಿದ್ದ ತಕ್ಷಣ...”

“ಶೆಲ್ ಆಮೇಲೆ. ರುಚಿಯಾಗಿದ್ದನಾ?”

ಹಾಲಿನ ಬಟ್ಟಲು ನನ್ನ ಕೈಯಲ್ಲೇ ಉಳಿಯಿತು. ಅವಳು ಎಣ್ಣೆಯ ಬೆರಳು ಒರೆಸಿಕೊಳ್ಳುತ್ತಿದ್ದಳು.

“ಹೋಗುವಾಗ ನಿನ್ನ ಪಕ್ಕೆಲುಬು ಎಣಿಸಬಹುದಿತ್ತು. ಜರ್ಮನರು ಹೋದ ಮೇಲೆ ಜೂನ್‌ನಲ್ಲಿ ವಾಪಸ್ ಬಂದಾಗ ಗಲ್ಲ ಬಂದಿತ್ತು. ಯುದ್ಧದಲ್ಲಿ ದಪ್ಪ ಆಗಿ ಬಂದೋನು ಈ ಊರಲ್ಲಿ ನೀನೊಬ್ಬನೇ. ಅವತ್ತೇ ಅಂದ್ಕೊಂಡೆ.”

“ಮತ್ತೆ ಇಷ್ಟು ವರ್ಷ ಯಾಕೆ ಕೇಳಲಿಲ್ಲ?”

“ನೀನು ಹೇಳ್ತೀಯೇನೋ ಅಂತ. ಇಲ್ಲೇ ಇದ್ದಿದ್ರೆ ಜರ್ಮನರು ತಿಂತಿದ್ರು. ನಿನ್ನ ಹೊಟ್ಟೆಗೆ ಹೋದ್ನಲ್ಲ, ಸದ್ಯ.” ತಲೆಗೆ ವಸ್ತ್ರ ಕಟ್ಟಿಕೊಂಡು, “ಕಲ್ಲು ಪೇರಿಸಿದ ಕಥೆ ಮಾತ್ರ ಚೆನ್ನಾಗಿ ಕಟ್ಟಿದ್ದೆ” ಎಂದು ಇಗರ್ಜಿಗೆ ಹೊರಟಳು.

ಬಾಗಿಲು ತೆರೆದು ಗಂಟೆ ಟಣ್ಣೆಂದಿತು. ಗಂಟೆಯ ಬಾಯಿ ಬಿಚ್ಚಿದ ಮೇಲೆ ನನ್ನದೊಂದು ಕಟ್ಟಿಕೊಂಡು ಏನು ಪ್ರಯೋಜನ? ಬರೆದುಬಿಡುತ್ತೇನೆ.

ಮಾಯೆಲ್ಲಾದ ದಾರಿ ನನಗೆ ಗೊತ್ತಿರಲಿಲ್ಲ. ನಾನು ಊರಾಚೆಯ ಸ್ಮಶಾನ ದಾಟಿ ಬೆಟ್ಟ ಹತ್ತಿದವನೇ ಅಲ್ಲ. ಪಟ್ಟಣದಲ್ಲಿ ಲ್ಯಾಟಿನ್ ಓದುತ್ತಿದ್ದವನು. “ನಾನು ಕರಕೊಂಡು ಹೋಗ್ತೀನಿ” ಎಂದದ್ದು, ಇಲ್ಲದಿದ್ದರೆ ಎರ್ಸೀಲಿಯಾ ತಾನೇ ಹೋಗುತ್ತಿದ್ದಳೆಂದು, ಅದೂ ಅವನ ಜೊತೆ. ಕಣಿವೆಯ ನೆತ್ತಿಯಲ್ಲಿ ಮಂಜು ಕವಿಯಿತು. ಮುಂದೆ ನಡೆದವನು ಬರೋನೆ. ಎರಡು ತಿಂಗಳಿಂದ ಗೋಡೆ ಗುದ್ದುತ್ತಿದ್ದವನಿಗೆ ಕೊನೆಗೂ ದಕ್ಷಿಣ ಸಿಕ್ಕಿತ್ತು; ಒಮ್ಮೆಯೂ ನಿಲ್ಲಲಿಲ್ಲ, ತಿರುಗಿ ನೋಡಲಿಲ್ಲ. ಅವನ ಹಿಂದೆ ಮೆರ್ವಿನ್. ಮೆರ್ವಿನ್‌ನ ಬೆಲ್ಟು ಹಿಡಿದು, ಕಣ್ಣು ಮುಚ್ಚಿ, ಅಮ್ಮನನ್ನು ಕರೆಯುತ್ತ, ಕೊನೆಯಲ್ಲಿ ನಾನು.

ಬೆಳಗಾದಾಗ ಅವನ ದೇಶದ ಸೈನಿಕರ ಮಧ್ಯೆ ಇದ್ದೆವು. ಶೆಲ್ ಯಾವುದೂ ಬೀಳಲಿಲ್ಲ. ಅಡುಗೆಯವನು ಮೂರು ವಾರದಿಂದ ಮಾಂಸ ಕಂಡಿರಲಿಲ್ಲ. ಮೆರ್ವಿನ್ ಬೇಡವೆಂದು ಅವರ ಜೊತೆ ಜಗಳವಾಡಿದ, ಸೋತ, ಗಂಟೆಯನ್ನು ಮಾತ್ರ ಬಿಚ್ಚಿಕೊಂಡು ಮಳೆಯಲ್ಲಿ ಹೊರಗೆ ಹೋಗಿ ಕೂತ. ಒಂದು ತುತ್ತೂ ಮುಟ್ಟಲಿಲ್ಲ. ಉಣ್ಣೆ ಕತ್ತರಿಸುವವನು ಉಣ್ಣಲಿಲ್ಲ.

ನಾನು ಉಂಡೆ. ನಮಗೆ ದಾರಿ ತೋರಿದವನನ್ನು, ನಲವತ್ತು ವರ್ಷ ಮಕ್ಕಳನ್ನು ಅಳಿಸಿದ ಆ ಹುತಾತ್ಮನನ್ನು, ಎರಡು ತಟ್ಟೆ. ಎರಡನೆಯ ತಟ್ಟೆಗೆ ಉಪ್ಪು ಸಾಲದೆಂದು ಅಡುಗೆಯವನಿಗೆ ಸನ್ನೆ ಮಾಡಿ ತರಿಸಿಕೊಂಡವನೂ ನಾನೇ.